ಬಿಳಿ ಐದರ ಬೇತಾಳ

ಮಧೂರಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕಾಲಗಣನೆಗೆ ಶಾಲಿವಾಹನ ಶಕವೂ ಉಂಟು, ಕೊಲ್ಲವರ್ಷವೂ ಉಂಟು, ಸರಕಾರದ ಕಾಗದಗಳಿಗಾಗಿ ಕ್ರಿಸ್ತಶಕವೂ ಉಂಟು. ಆದರೆ ಮನೆಯೊಳಗಿನ ಲೆಕ್ಕಕ್ಕೆ ಇವು ಯಾವುವೂ ಒದಗಿ ಬರುವುದಿಲ್ಲ. ಮದನಂತೇಶ್ವರನ ಸನ್ನಿಧಿಯಲ್ಲಿ ಮಹಾಗಣಪತಿಯನ್ನು ಅಪ್ಪಗಳ ರಾಶಿಯಲ್ಲಿ ಮುಚ್ಚಿಬಿಡುವ ಮೂಡಪ್ಪ ಸೇವೆಯು ವರ್ಷಂಪ್ರತಿ ಬರತಕ್ಕ ಉತ್ಸವವಲ್ಲದ ಕಾರಣ (1992ರಲ್ಲಿ ನಡೆದ ಮೇಲೆ ಮರಳಿ ನಡೆದುದು 2025ರಲ್ಲಿ) ನಮ್ಮ ಮನೆಯ ಮದುವೆ, ಮುಂಜಿ, ಪಾಲುಪಟ್ಟಿ, ಹಟ್ಟಿಯ ಮೇಲೆ ಹಲಸಿನ ಮರ ಬಿದ್ದ ಮಳೆಗಾಲ, ಎಲ್ಲವೂ ಮೂಡಪ್ಪದ ಹಿಂದು ಮುಂದಾಗಿಯೇ ನೆನಪಿನಲ್ಲಿ ನಿಂತಿವೆ. ಈ ಕಥೆಯ ನಾಯಕನಾದ ಆಂಪ್ಲಿಫೈಯರು ಆ ಮೊದಲ ಮೂಡಪ್ಪದ ವರ್ಷ ಕಾಸರಗೋಡು ಪೇಟೆಯ ಒಬ್ಬ ರೇಡಿಯೋ ರಿಪೇರಿಯವರ ಕೈಯಲ್ಲಿ ರೂಪುಗೊಂಡು, ತಗಡಿನ ಪೆಟ್ಟಿಗೆ, ಮೂರು ತಿರುಗಣೆಗಳು, ಒಂದು ಕೆಂಪು ದೀಪ, ಬೆನ್ನಮೇಲೆ ಅಲ್ಯೂಮಿನಿಯಮ್ಮಿನ ಪಕ್ಕೆಲುಬುಗಳು ಇಷ್ಟೇ ಆಭರಣಗಳೊಡನೆ ನಮ್ಮ ಚಾವಡಿಯನ್ನು ಪ್ರವೇಶಿಸಿದ್ದು. ಅದರ ಮೇಲೆ ಯಾವ ಕಂಪೆನಿಯ ಹೆಸರೂ ಇಲ್ಲ. ಹೆಸರಿಲ್ಲದ್ದರಿಂದಲೇ ಅಷ್ಟು ಕಾಲ ಬಾಳಿತೆಂದು ನನ್ನ ತಾಯಿಯವರ ಅಭಿಪ್ರಾಯ.

ಎರಡನೆಯ ಮೂಡಪ್ಪವನ್ನೂ ಕಂಡ ಮೇಲೆ, ಬದುಕಿನಲ್ಲಿ ಇನ್ನೇನು ನೋಡುವುದಿದೆ ಎಂಬ ವೈರಾಗ್ಯದಿಂದಲೋ ಏನೋ, ಅದೇ ವರ್ಷದ ತುಲಾ ಮಾಸದ ಒಂದು ಸಂಜೆ, ಮಧುವಾಹಿನಿ ಹೊಳೆಯ ಆಚೆಗೆಲ್ಲೋ ಗುಡುಗು ಉರುಳುತ್ತಿದ್ದಾಗ, ಕರ್ಣನ ಬಾಯಿಂದ ಅರ್ಧ ಮಾತು ಹೊರಟಿರುವಂತೆಯೇ ಅದು ‘ಫಟ್’ ಎಂದು ಮೌನವನ್ನು ಧರಿಸಿತು. ತಾಳಮದ್ದಳೆಯ ಕ್ಯಾಸೆಟ್ಟಿನ ಕರ್ಣನಾದುದರಿಂದ ಅವನು ತನ್ನ ಪಾಡಿಗೆ ಸುತ್ತುತ್ತಲೇ ಇದ್ದ. ರಥಚಕ್ರ ಭೂಗತವಾದ ಸನ್ನಿವೇಶದಲ್ಲಿ ಚಕ್ರವೊಂದೇ ತಿರುಗಿ ಮಾತು ನಿಂತುಹೋದುದು ಪ್ರಸಂಗಕ್ಕೆ ವಿರುದ್ಧವಾಗಿತ್ತು.

ನಿವೃತ್ತ ಅಧ್ಯಾಪಕನಾದ ನನಗೆ ವ್ಯಾಕರಣದಲ್ಲಿ ಲೋಪಸಂಧಿಯನ್ನು ಗುರುತಿಸಿ ಅಭ್ಯಾಸವೇ ಹೊರತು ವಿದ್ಯುತ್ತಿನಲ್ಲಿ ಅಲ್ಲ. ಪೆಟ್ಟಿಗೆಯನ್ನು ಹುಟ್ಟಿಸಿದ ರಿಪೇರಿಯವರು ಅಂಗಡಿ ಮುಚ್ಚಿ ಬಹುಕಾಲವಾಗಿದೆ. ಇದ್ದಲ್ಲಿಗೇ ಬಂದು ನೋಡಿದ ಹಿತೈಷಿಗಳಾದರೋ ಧಾರಾಳವಾಗಿದ್ದರು. ಒಬ್ಬರು ಫ್ಯೂಸಿನ ಬದಲು ಸಿಗರೇಟಿನ ಬೆಳ್ಳಿ ಕಾಗದವನ್ನು ಸುತ್ತಿದರೆ ಸಾಕೆಂದೂ, ತಾವು ಸೇದುವವರಲ್ಲವಾದರೂ ಕಾಗದವನ್ನು ಒದಗಿಸಬಲ್ಲೆನೆಂದೂ ಹೇಳಿದರು. ಇನ್ನೊಬ್ಬರು ಕೈಯಿಂದ ಒಂದು ಪೆಟ್ಟು ಕೊಟ್ಟರೆ ಸರಿಹೋಗುವುದೆಂದು, ಸಮ್ಮತಿಗೂ ಕಾಯದೆ ಕೊಟ್ಟೂ ನೋಡಿದರು. ಬೆಂಗಳೂರಿನಲ್ಲಿ ಇಲೆಕ್ಟ್ರಾನಿಕ್ಸ್ ಓದಿ ಕಂಪ್ಯೂಟರಿನ ಕೆಲಸ ಮಾಡುತ್ತಿರುವ ನನ್ನ ಅಳಿಯ ಮಾತ್ರ ಫೋನಿನಲ್ಲಿ, “ಮಾವ, ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ, ಗಾಜು ಕಪ್ಪಾಗಿದೆಯಾ, ಇಲ್ಲಾ ತಂತಿ ಸುಮ್ಮನೆ ತುಂಡಾಗಿದೆಯಾ?” ಎಂದು ಕೇಳಿದ. ನೋಡಿದರೆ ಗಾಜಿನ ಒಳಗೋಡೆಗೆ ಕನ್ನಡಿಯ ರಸ ಬಳಿದಂತೆ ಕರಿಬೆಳ್ಳಿಯ ಲೇಪ. ತಂತಿಯು ವಯೋಧರ್ಮದಿಂದ ನಡುವೆ ತುಂಡಾದರೆ ಗಾಜು ಸ್ವಚ್ಛವಾಗಿಯೇ ಉಳಿಯುವುದೆಂದೂ, ಒಳಗೆಲ್ಲೋ ನೇರ ಶಾರ್ಟ್ ಆಗಿ ತಂತಿ ಕ್ಷಣಾರ್ಧದಲ್ಲಿ ಆವಿಯಾದರೆ ಮಾತ್ರ ಈ ಲೇಪ ಉಂಟಾಗುವುದೆಂದೂ ಅವನಿಂದ ತಿಳಿಯಿತು. ಕಡ್ಡಿಯಷ್ಟು ಗಾಜಿನ ಕೊಳವೆಯೊಂದು ಮರಣೋತ್ತರ ವರದಿಯನ್ನು ತನ್ನೊಳಗೇ ಬರೆದುಕೊಂಡು ಸಾಯುವುದನ್ನು ಕಂಡು ನನಗೆ ಈ ವಿದ್ಯೆಯಲ್ಲಿ ಗೌರವ ಮೂಡಿದ್ದು ಆಗಲೇ.

ಮುಚ್ಚಳ ತೆಗೆದಾಗ ಪೆಟ್ಟಿಗೆಯೊಳಗೆ ವಿದ್ಯುತ್ತಿನ ಉಪಕರಣಗಳಿಗಿಂತ ಮೊದಲು ಕಣ್ಣಿಗೆ ಬಿದ್ದುದು ಹಲ್ಲಿಯ ಎರಡು ಒಣ ಮೊಟ್ಟೆಗಳು, ಕಣಜದ ಮಣ್ಣಿನ ಗೂಡು, ಮತ್ತು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಪುಸ್ತಕಕ್ಕೂ ಚರ್ಮದ ಚೀಲಕ್ಕೂ ಸಮಾನವಾಗಿ ಹತ್ತುವ ಆ ಬೂದುಬಣ್ಣದ ಬೂಷ್ಟು. ಅದನ್ನೆಲ್ಲ ಬಣ್ಣದ ಕುಂಚದಿಂದ ಗುಡಿಸಿದ ಮೇಲೆ ಒಳಗಿನ ಊರು ಕಾಣಿಸಿಕೊಂಡಿತು: ಒಂದು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ನಾಲ್ಕು ಡಯೋಡುಗಳು, ಡಬ್ಬಿಯಂತಹ ದೊಡ್ಡದೊಂದು ಕೆಪಾಸಿಟರು, ಕಂದುಬಣ್ಣದ ಬೋರ್ಡಿನ ಮೇಲೆ ಬಣ್ಣದ ಪಟ್ಟೆಗಳ ರೆಸಿಸ್ಟರುಗಳು, ಹಿಂದುಗಡೆ ಅಲ್ಯೂಮಿನಿಯಮ್ಮಿಗೆ ಅಂಟಿ ಕುಳಿತ ಲೋಹದ ಎರಡು ಟ್ರಾನ್ಸಿಸ್ಟರುಗಳು. ಹೊಸ ಫ್ಯೂಸು ಹಾಕಿ ಸ್ವಿಚ್ಚೊತ್ತುವ ನನ್ನ ಉತ್ಸಾಹವನ್ನು ಅಳಿಯ ತಡೆದು, ಮೊದಲು ಅರವತ್ತು ವ್ಯಾಟಿನ ಹಳೆಯ ತಂತಿಬಲ್ಬೊಂದನ್ನು ಕರೆಂಟಿನ ದಾರಿಯಲ್ಲಿ ಸೀರೀಸಿಗೆ ಕಟ್ಟಬೇಕೆಂದು ವಿಧಿಸಿದ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣಪ್ರಕಾಶದಿಂದ ಉರಿದು, ಕಾಲು ಆಂಪಿಯರಿಗಿಂತ ಹೆಚ್ಚೇನನ್ನೂ ಒಳಕ್ಕೆ ಬಿಡದೆ ಉಳಿದವರ ಪ್ರಾಣವನ್ನು ಕಾಯುತ್ತದೆ. ಎಲ್ಲ ಸರಿಯಿದ್ದರೆ ಕೆಪಾಸಿಟರು ತುಂಬುವಷ್ಟು ಹೊತ್ತು ಒಮ್ಮೆ ಮಿನುಗಿ ಮಂದವಾಗುತ್ತದೆ.

ಉಪಾಯ ಸುಲಭವಾದರೂ ಬಲ್ಬು ಸುಲಭವಾಗಿರಲಿಲ್ಲ. ‘ಫಿಲಮೆಂಟ್ ರಹಿತ ಕೇರಳ’ ಎಂಬ ಯೋಜನೆ ಬಂದು, ಹಳೆಯ ತಂತಿಬಲ್ಬುಗಳನ್ನು ಕೊಟ್ಟು ಎಲ್‌ಇಡಿ ಬಲ್ಬುಗಳನ್ನು ಪಡೆಯುವ ಸತ್ಕಾರ್ಯದಲ್ಲಿ ನಮ್ಮ ಮನೆಯವರೆಲ್ಲ ಮನಃಪೂರ್ವಕ ಭಾಗವಹಿಸಿದ್ದರು. ಬಚ್ಚಲು, ಹಟ್ಟಿ, ಅಟ್ಟ, ಎಲ್ಲೆಡೆಯೂ ಶೀತಲವಾದ ಬಿಳಿಯ ಬೆಳಕೇ. ಕೊನೆಗೆ ಅಂತಹ ಬಲ್ಬು ಇನ್ನೂ ಸೇವೆಯಲ್ಲಿರುವುದು ಪಕ್ಕದ ಮನೆಯ ಕೋಳಿಮರಿಗಳ ಗೂಡಿನಲ್ಲಿ ಎಂದು ಪತ್ತೆಯಾಯಿತು; ಅಲ್ಲಿ ಅದರ ಬೆಳಕಿಗಲ್ಲ, ಬಿಸಿಗೆ ಬೆಲೆ. ಆ ಮನೆಯಾಕೆ, “ಕತ್ತಲಾಗುವುದರೊಳಗೆ ತಂದುಕೊಡಿ ಮಾಷ್ಟ್ರೇ, ಮರಿಗಳಿಗೆ ಚಳಿಯಾಗ್ತದೆ” ಎಂಬ ಕರಾರಿನ ಮೇಲೆ ಅದನ್ನು ಬಿಚ್ಚಿಕೊಟ್ಟರು. ಆದುದರಿಂದ ನನ್ನ ಸಂಶೋಧನೆಯೆಲ್ಲವೂ ಹಗಲಿನಲ್ಲೇ ಸಾಗತಕ್ಕದ್ದಾಯಿತು. ವಿಜ್ಞಾನವು ಸೂರ್ಯಾಸ್ತಕ್ಕೆ ಮುಂಚೆ ಮನೆ ಸೇರಬೇಕೆಂಬ ನಿಯಮ ಇದ್ದಿದ್ದರೆ ಜಗತ್ತಿಗೆ ಬರಬಹುದಾಗಿದ್ದ ಕೆಲವು ಕೇಡುಗಳು ತಪ್ಪುತ್ತಿದ್ದುವೆಂದು ನನಗೆ ತೋರಿತು.

ಬಲ್ಬು ಪೂರ್ಣಪ್ರಕಾಶದಿಂದ ಉರಿಯಿತು. ಅಪರಾಧಿ ಒಳಗೇ ಇದ್ದಾನೆಂದಾಯಿತು.

ಇನ್ನು ಮೀಟರಿನ ಕೆಲಸ. ಆ ಲೋಹದ ಟ್ರಾನ್ಸಿಸ್ಟರುಗಳ ಬೆನ್ನಮೇಲೆ 2ಎನ್3055 ಎಂಬ ಅಚ್ಚು ಮಸುಕಾಗಿ ಉಳಿದಿತ್ತು. 1960ರ ದಶಕದ ಆದಿಯಲ್ಲಿ ಅಮೆರಿಕದ ಆರ್‌ಸಿಎ ಕಂಪೆನಿಯು ಹೊರತಂದ ಈ ಜಾತಿಯು 15 ಆಂಪಿಯರ್ ವಿದ್ಯುತ್ತನ್ನು ಹೊರಬಲ್ಲದೆಂದು ಪ್ರಸಿದ್ಧವಾಗಿ, ಲೋಕದ ಎಲ್ಲ ಮೂಲೆಗಳ ತಗಡಿನ ಪೆಟ್ಟಿಗೆಗಳನ್ನೂ ಸೇರಿ, ಕೊನೆಗೆ ಗಣಪತಿಯ ಊರಿಗೂ ಬಂದು ತಾಳಮದ್ದಳೆಯ ಅರ್ಥಧಾರಿಗಳ ಭಾರವನ್ನು ಹೊತ್ತಿತ್ತು. ಅದಕ್ಕಿರುವುದು ಎರಡೇ ಕಾಲುಗಳು, ಬೇಸು ಮತ್ತು ಎಮಿಟರು. ಮೂರನೆಯದಾದ ಕಲೆಕ್ಟರು ಅದರ ಮೈಯೇ. ಬಿಚ್ಚಿ ಹೊರತೆಗೆದು ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಾಗ ಒಂದು ಟ್ರಾನ್ಸಿಸ್ಟರು ಬೇಸಿಗೂ ಎಮಿಟರಿಗೂ ನಡುವೆ ಅರ್ಧ ವೋಲ್ಟಿನ ಮೇಲೆ ಚಿಲ್ಲರೆ ತೋರಿಸಿ ತಾನು ಸಿಲಿಕಾನ್ ವಂಶದ ಆರೋಗ್ಯವಂತನೆಂದು ಸಾರಿತು. ಇನ್ನೊಂದು, ಮೈಗೂ ಎಮಿಟರಿಗೂ ಕಡ್ಡಿ ಸೋಕಿದೊಡನೆ ‘ಪೀ’ ಎಂದು ನೀಳವಾಗಿ ಅತ್ತಿತು. ಮಧ್ಯೆ ತಡೆಯಿರಬೇಕಾದಲ್ಲಿ ತಡೆಯೇ ಇಲ್ಲ. ಅದರ ಪಕ್ಕದ ಬಿಳಿಯ ಸಿಮೆಂಟು ರೆಸಿಸ್ಟರೂ ಗೆಳೆಯನ ಹಿಂದೆಯೇ ಸಹಗಮನ ಮಾಡಿತ್ತು.

ಮಂಗಳೂರಿಗೆ ಹೋಗಿ ಹಂಪನಕಟ್ಟೆಯ ಬಳಿಯ ಅಂಗಡಿಯಲ್ಲಿ “ತರ್ಟಿ ಫಿಫ್ಟಿಫೈವ್” ಕೇಳಿದಾಗ ಅಂಗಡಿಯವರು ತಲೆಯೆತ್ತದೆ “ಒರಿಜಿನಲ್ ಬೇಕಾ, ಸಾದಾ ಸಾಕಾ?” ಎಂದು ಪ್ರಶ್ನಿಸಿದರು. ಒಂದೇ ಹೆಸರು, ಒಂದೇ ಮುಖ, ಒಂದೇ ಅಚ್ಚು ಇರುವ ವಸ್ತುಗಳಲ್ಲಿ ಒಂದು ನಿಜವಾದುದು, ಇನ್ನೊಂದು ಸಾದಾ ಎಂದು ಮುಖಕ್ಕೆ ಮುಖ ಹೇಳಿ ಮಾರುವ ಈ ಪ್ರಾಮಾಣಿಕತೆಯು ವೇದಾಂತಿಗಳಲ್ಲೂ ನನಗೆ ಕಂಡುಬಂದಿಲ್ಲ. ಒರಿಜಿನಲ್ ಜೋಡಿಯನ್ನೇ ತಂದೆ.

ಬೆಸುಗೆ ಹಾಕುವ ಕಲೆಯನ್ನು ಬರೆದು ತಿಳಿಸುವುದು ಕಷ್ಟ. ತವರ ಸೀಸಗಳ ತಂತಿಯನ್ನು ಕಾದ ಕಡ್ಡಿಗೆ ತಾಗಿಸದೆ, ಕಡ್ಡಿಯಿಂದ ಕಾದ ಕಾಲಿಗೆ ತಾಗಿಸಬೇಕು; ಆಗ ಅದು ಒಮ್ಮೆ ಹಿಂಜರಿದು, ಮರುಕ್ಷಣ ಹೊಳೆಯುತ್ತ ತಾನಾಗಿ ಸುತ್ತ ಹರಿದು ನಿಲ್ಲುತ್ತದೆ. ಹೊಳಪು ಉಳಿದರೆ ಗಟ್ಟಿ, ಮಂಕಾದರೆ ಮತ್ತೆ ಕಾಯಿಸಬೇಕು. ತಂತಿಯ ಗರ್ಭದಲ್ಲಿರುವ ರಾಳವು ಸುರುಳಿ ಸುರುಳಿಯಾಗಿ ಹೊಗೆಯೆದ್ದು ಒಳಕೋಣೆಯನ್ನು ಸೇರಿದಾಗ, ಮಂಚದಲ್ಲಿ ಒರಗಿದ್ದ ನನ್ನ ತಾಯಿಯವರು ಯಾರೋ ದೇವರಿಗೆ ಧೂಪ ಹಾಕಿದರೆಂದು ಎದ್ದು ಕುಳಿತು ಕೈಮುಗಿದರು. ನಾನೂ ತಿದ್ದಲು ಹೋಗಲಿಲ್ಲ. ಟ್ರಾನ್ಸಿಸ್ಟರಿನ ಮೈಗೂ ಅಲ್ಯೂಮಿನಿಯಮ್ಮಿಗೂ ನಡುವೆ ಕಾಗೆಬಂಗಾರದ ತೆಳುಹಾಳೆಯೊಂದನ್ನು ಬಿಳಿಯ ಮುಲಾಮು ಸವರಿ ಇಡತಕ್ಕದ್ದು: ಬಿಸಿ ದಾಟಬೇಕು, ವಿದ್ಯುತ್ತು ದಾಟಬಾರದು. ಸಂಪರ್ಕವೂ ಬೇಕು, ಮಡಿಯೂ ಬೇಕು ಎಂಬ ಈ ಸಮಸ್ಯೆಗೆ ನಮ್ಮ ಹಿರಿಯರು ಇಷ್ಟು ಅಗ್ಗದ ಪರಿಹಾರವನ್ನು ಕಾಣಲಿಲ್ಲ.

ತಂತಿಗಳನ್ನು ಗುರುತು ಹಾಕಿ ಬಿಡಿಸುತ್ತಿದ್ದಾಗ ನನ್ನನ್ನು ಬಹಳ ಹೊತ್ತು ಕಾಡಿದುದು, ಧ್ವನಿಯೆಲ್ಲ ದೊಡ್ಡದಾಗಿ ಹೊರಗೆ ಹೋಗುವ ತುದಿಯಿಂದ ಒಂದು ಸಣ್ಣ ರೆಸಿಸ್ಟರಿನ ಮೂಲಕ ಮರಳಿ ಮೊದಲ ಬಾಗಿಲಿಗೇ ಬರುವ ದಾರಿ. ಹೊರಗೆ ಕಳುಹಿಸಿದ್ದನ್ನು ಒಳಕ್ಕೆ ಕರೆಯುವುದೇತಕ್ಕೆ? 1927ರ ಆಗಸ್ಟ್ 2ರ ಬೆಳಿಗ್ಗೆ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಇಂಜಿನಿಯರು ನ್ಯೂಯಾರ್ಕಿನ ಕೆಲಸಕ್ಕೆಂದು ಹಡ್ಸನ್ ನದಿಯನ್ನು ಕಡವಿನ ಹಡಗಿನಲ್ಲಿ ದಾಟುತ್ತಿದ್ದಾಗ ಇದು ಹೊಳೆದುದಂತೆ. ಕಾಗದ ಸಿಕ್ಕದೆ ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆಯೇ ಚಿತ್ರ ಗೀಚಿದ. ಹೊರಬಂದ ಧ್ವನಿಯ ಒಂದಂಶವನ್ನು ವಿರುದ್ಧಮುಖವಾಗಿ ಒಳಕ್ಕೆ ಕೊಟ್ಟರೆ ಗಾತ್ರ ಕಡಮೆಯಾಗುತ್ತದೆ, ಆದರೆ ವಿಕಾರವೂ ಕಡಮೆಯಾಗುತ್ತದೆ. ತಾಳಮದ್ದಳೆಯಲ್ಲಿ ಎದುರು ಕುಳಿತ ಅರ್ಥಧಾರಿಯು ಮಾತುಮಾತಿಗೆ ಆಕ್ಷೇಪವೆತ್ತುವುದರಿಂದಲೇ ನಮ್ಮ ಕೃಷ್ಣನು ಹದ ಮೀರದೆ ಇರುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಕ್ಷೇಪಕನಿಲ್ಲದ ಅರ್ಥಧಾರಿಗಳು ಬೆಳಗಿನ ಜಾವದವರೆಗೆ ಏನೇನಾಗುತ್ತಾರೆಂಬುದನ್ನೂ ನಾನು ಕಂಡಿದ್ದೇನೆ, ಹೆಸರು ಹೇಳುವುದಿಲ್ಲ.

ಕೋಳಿಗೂಡಿನ ಬಲ್ಬು ಈ ಬಾರಿ ಒಮ್ಮೆ ಮಿಂಚಿ ಮಂದವಾಯಿತು. ಕರ್ಣನು ತನ್ನ ಉಳಿದರ್ಧ ಮಾತನ್ನು ಪೂರೈಸಿದನು. ಮನೆಯವರೆಲ್ಲ ಸಂತೋಷಪಟ್ಟರು. ಬಲ್ಬನ್ನು ಮರಿಗಳಿಗೆ ಹಿಂದಿರುಗಿಸಿ ಬಂದು ಕುಳಿತು ಕೇಳಿದಾಗಲೇ ಗೊತ್ತಾದುದು, ಕರ್ಣಾರ್ಜುನರಿಬ್ಬರೂ ಸುಮ್ಮನಿದ್ದ ಸಮಯದಲ್ಲೂ ಪೆಟ್ಟಿಗೆಯಲ್ಲಿ ಮೂರನೆಯವನೊಬ್ಬನು ‘ಗುಂಯ್’ ಎನ್ನುತ್ತಿದ್ದಾನೆ. ಹಿಂದೆಯೂ ಅವನು ಸಣ್ಣ ಸ್ವರದಲ್ಲಿ ಇದ್ದನೋ, ನಾವೇ ಅದನ್ನು ಕ್ಯಾಸೆಟ್ಟಿನ ಮುಪ್ಪೆಂದು ತಿಳಿದು ಕ್ಷಮಿಸಿದ್ದೆವೋ, ಬಲ್ಲವರಾರು? ಈಗಂತೂ ನಿರ್ಲಜ್ಜನಾಗಿ ಗುಂಯ್‌ಗುಟ್ಟುತ್ತಿದ್ದ. ವಾಲ್ಯೂಮನ್ನು ಸೊನ್ನೆಗೆ ಇಳಿಸಿದರೂ ಅವನು ಇಳಿಯಲಿಲ್ಲ.

ಎಲೆಯಡಿಕೆಯ ನೆಪದಲ್ಲಿ ಆಗಾಗ ಬರುವ ನಮ್ಮ ನೆರೆಯ ಭಾಗವತರು, ಮೇಳದ ತಿರುಗಾಟ ಬಿಟ್ಟು ಹಲವು ವರ್ಷಗಳಾದರೂ ಕಿವಿಯನ್ನು ಬಿಟ್ಟವರಲ್ಲ; ತಮ್ಮ ಆಯುಷ್ಯದಲ್ಲಿ ತಾವು ಶ್ರುತಿ ಬಿಟ್ಟು ಹಾಡಿದ ಒಂದೇ ಒಂದು ಪದವನ್ನು ಯಾರಾದರೂ ತೋರಿಸಿದರೆ ಜಾಗಟೆಯನ್ನು ಮಧುವಾಹಿನಿಗೆ ಹಾಕುವೆನೆಂಬುದು ಅವರ ಬಹುಕಾಲದ ಪಣ. ಅವರು ಜಗಲಿಯ ಮೆಟ್ಟಿಲಲ್ಲೇ ನಿಂತು, ಕಣ್ಣು ಮುಚ್ಚಿ, ಗಂಟಲಿನೊಳಗೆ ಒಮ್ಮೆ ಗುಣುಗಿ ನೋಡಿ, “ಯಾರು ಮಾಷ್ಟ್ರೇ ಒಳಗೆ ಬಿಳಿ ಐದಕ್ಕೆ ಶ್ರುತಿ ಹಿಡಿದದ್ದು? ಸ್ವಲ್ಪ ಏರಿದ್ದು ಉಂಟು” ಎಂದರು. ಹಾರ್ಮೋನಿಯಮ್ಮಿನ ಐದನೆಯ ಬಿಳಿಯ ಮನೆಯ ಸ್ವರ ಕೆಳಗಿನ ಸ್ಥಾಯಿಗಳಲ್ಲಿ ಸೆಕೆಂಡಿಗೆ 49 ಮತ್ತು 98 ಕಂಪನಗಳು. ಅದಕ್ಕಿಂತ ಸ್ವಲ್ಪ ಏರಿದ್ದೆಂದರೆ 50, ಇಲ್ಲವೆ 100. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನಗಳದ್ದು. ಗುಂಯ್‌ಗುಟ್ಟುವ ಈ ಬೇತಾಳನ ಗೋತ್ರ ತಿಳಿಯಿತು, ಪ್ರವರ ಉಳಿಯಿತು. ಫೋನಿನಲ್ಲಿದ್ದ ಅಳಿಯ ಉತ್ಸಾಹದಿಂದ, “ಮಾವ, ಐವತ್ತಾದರೆ ತಂತಿಯದೋ ಅರ್ಥಿಂಗಿನದೋ ದೋಷ; ನೂರಾದರೆ ಫಿಲ್ಟರ್ ಕೆಪಾಸಿಟರು ಹೋಗಿದೆ. ಡಯೋಡುಗಳು ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಅದು ಇಮ್ಮಡಿಯಾಗ್ತದೆ. ಯಾವುದೆಂದು ನಿಮ್ಮ ಭಾಗವತರನ್ನೇ ಕೇಳಿ” ಎಂದ. ಭಾಗವತರು ಈ ಪ್ರಶ್ನೆಯಿಂದ ಅವಮಾನಿತರಾದವರಂತೆ ನೋಡಿ, “ಇದು ಮಂದ್ರ. ಅತಿಮಂದ್ರ ಇದಲ್ಲ. ಅಷ್ಟು ಕೆಳಗಿನದ್ದು ನಿಮ್ಮ ಈ ಡಬ್ಬಿಯ ಸ್ಪೀಕರಿನಲ್ಲಿ ಕೇಳಲಿಕ್ಕುಂಟಾ?” ಎಂದರು. ನೂರು ಎಂದು ತೀರ್ಮಾನವಾಯಿತು. ಸಾವಿರಾರು ರೂಪಾಯಿಯ ಆಸಿಲೋಸ್ಕೋಪು ತೋರಿಸಬೇಕಾದುದನ್ನು ಒಂದು ಎಲೆಯಡಿಕೆಯ ವೆಚ್ಚದಲ್ಲಿ ತಿಳಿದುಕೊಂಡೆವು.

ಅಂದಿನಿಂದ ನಾನು ಈ ಗುಂಯ್‌ಕಾರವನ್ನು ಬೇರೆಯೇ ಗೌರವದಿಂದ ಕೇಳತೊಡಗಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಿನ 765 ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲವು ಉಳಿದ ಭಾರತದ ಜಾಲದೊಡನೆ ಹೆಜ್ಜೆ ಕೂಡಿಸಿಕೊಂಡಿತು. ಭಾಷೆ, ನೀರು, ಗಡಿಗಳ ವಿಷಯದಲ್ಲಿ ಒಂದು ಮಾತಿಗೆ ಬಾರದ ರಾಜ್ಯಗಳು ಈ ಒಂದು ವಿಷಯದಲ್ಲಿ ಶ್ರುತಿಬದ್ಧವಾಗಿವೆ, 49.90ಕ್ಕಿಂತ ಕೆಳಗಿಳಿಯಬಾರದು, 50.05ನ್ನು ದಾಟಬಾರದು ಎಂಬ ಕಟ್ಟಳೆಯೂ ಉಂಟು. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರಾದ ನಾವು ಬೇರೆ ಬೇರೆ ರಾಗಗಳಲ್ಲಿ ಹಾಡಿದ ಅಳಲೆಲ್ಲವನ್ನೂ ಬಲ್ಲ ನನಗೆ, ಕಾಸರಗೋಡಿನ ಕೆಟ್ಟ ಕೆಪಾಸಿಟರೂ ಕಲಬುರ್ಗಿಯ ಕೆಟ್ಟ ಕೆಪಾಸಿಟರೂ ಏಕಕಂಠದಿಂದ ಬಿಳಿ ಐದನ್ನೇ ಹಾಡುತ್ತವೆಂಬುದು ಕಡಮೆ ಸಮಾಧಾನದ ಸಂಗತಿಯಲ್ಲ. ಅಮೆರಿಕದಲ್ಲಿ ಕರೆಂಟು 60 ಆವರ್ತನಗಳದ್ದಾದುದರಿಂದ ಅಲ್ಲಿಯ ಬೇತಾಳ 120ರಲ್ಲಿ ಗುಂಯ್‌ಗುಡುತ್ತದೆ. ಅದು ಐದನೆಯ ಕಪ್ಪು ಮನೆಗೂ ಏಳನೆಯ ಬಿಳಿ ಮನೆಗೂ ಸರಿಯಾಗಿ ನಡುವೆ ಬೀಳುವುದರಿಂದ ಹಾರ್ಮೋನಿಯಮ್ಮಿನ ಯಾವ ಮನೆಗೂ ಸೇರುವುದಿಲ್ಲ. ಅಷ್ಟು ಸಂಪನ್ನವಾದ ದೇಶಕ್ಕೆ ಇದೊಂದು ಕೊರತೆಯೆಂದು ಭಾಗವತರು ಮರುಗಿದರು.

ಹಾಗಿದ್ದರೂ ಪೆಟ್ಟಿಗೆಯಲ್ಲಿ ಬೇತಾಳನನ್ನು ಇರಗೊಡುವಂತಿರಲಿಲ್ಲ. ಶ್ರುತಿಪೆಟ್ಟಿಗೆಯ ಖರ್ಚು ಉಳಿಯಿತಲ್ಲ ಎಂದು ನನ್ನ ಮನೆಯಾಕೆ ಅವನ ಪರವಾಗಿ ವಾದಿಸಿದಳು. ಆದರೆ ನಮ್ಮಲ್ಲಿರುವ ಕ್ಯಾಸೆಟ್ಟುಗಳೆಲ್ಲ ಕಪ್ಪು ಎರಡೋ ಕಪ್ಪು ಮೂರೋ ಆಗಿದ್ದು, ಬಿಳಿ ಐದರವನೊಡನೆ ಅವಕ್ಕೆ ನಿತ್ಯಕಲಹ. ಆ ದೊಡ್ಡ ಡಬ್ಬಿಯನ್ನು ಹತ್ತಿರದಿಂದ ನೋಡಿದಾಗ, ಚಪ್ಪಟೆಯಾಗಿರಬೇಕಾದ ಅದರ ನೆತ್ತಿ ಹಪ್ಪಳದಂತೆ ಉಬ್ಬಿತ್ತು. ಬುಡದಲ್ಲಿ ಕಂದುಬಣ್ಣದ ಅಂಟು ಒಸರಿ ಒಣಗಿತ್ತು. ಸೆಕೆಂಡಿಗೆ ನೂರು ಸಲ ಏರಿಳಿಯುವ ವೋಲ್ಟೇಜನ್ನು ತನ್ನಲ್ಲಿ ತುಂಬಿಕೊಂಡು ಸಮನಾಗಿ ಬಡಿಸುವುದು ಅದರ ವೃತ್ತಿ. ಒಳಗಿನ ದ್ರವ ಆರಿದಂತೆ ಅದರ ಉದರ ಕುಗ್ಗುತ್ತದೆ. ಸುತ್ತಲಿನ ಬಿಸಿ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುವುದೆಂಬುದು ಆ ಕುಲದ ಜಾತಕ. ಬಿಸಿಯಾಗುವ ಟ್ರಾನ್ಸಿಸ್ಟರುಗಳ ಬೆನ್ನಿಗೇ ಅದನ್ನು ಕೂರಿಸಿದ್ದರು. ಕರೆಂಟು ತೆಗೆದ ಮೇಲೂ ನಲುವತ್ತು ವೋಲ್ಟನ್ನು ಒಳಗಿಟ್ಟುಕೊಂಡು ಸುಮ್ಮನೆ ಕಾಯುವ ಸ್ವಭಾವ ಅದಕ್ಕಿರುವುದರಿಂದ, ಮೊದಲು ರೆಸಿಸ್ಟರೊಂದನ್ನು ಅಡ್ಡ ಹಿಡಿದು ಅದರ ಕೋಪವನ್ನು ಇಳಿಸಿ, ಮೀಟರು ಸೊನ್ನೆ ತೋರಿಸಿದ ಮೇಲೆ ಬಿಚ್ಚಿ, 4700 ಮೈಕ್ರೋಫ್ಯಾರಡಿನ ಹೊಸದನ್ನು ಧನಋಣಗಳ ಗುರುತು ನೋಡಿ ಕೂರಿಸಿದೆ.

ಭಾಗವತರನ್ನು ಕರೆದೆ. ಅವರೇ ಆರಿಸಿದ ಕ್ಯಾಸೆಟ್ಟು, ಮೊದಲ ಮೂಡಪ್ಪದ ಮರುವರ್ಷ ನಮ್ಮ ಚಾವಡಿಯಲ್ಲೇ ನಡೆದ ಕೂಟದ್ದು, ಭಾಗವತಿಕೆ ಅವರದೇ. ಸ್ವಿಚ್ಚು ಒತ್ತಿದಾಗ ಸ್ಪೀಕರಿನಲ್ಲಿ ಏನೂ ಇಲ್ಲ, ಗುಂಯ್ ಇಲ್ಲ, ಕರಕರವಿಲ್ಲ. ಬಳಿಕ ಮದ್ದಳೆಯ ಎಡಗೈಯ ಘುಂಕಾರವೂ, ಚಕ್ರತಾಳದ ಅಂಚಿನ ಕಿಣಿಯೂ, ಯಾರೋ ಹಿಂದೆ ಕುಳಿತು ಮೂಗು ಸೀನಿದ್ದೂ ಬಿಡಿಬಿಡಿಯಾಗಿ ಕೇಳಿಬಂದುವು. ಭಾಗವತರು ತಲೆದೂಗಿದರು. ಎರಡನೆಯ ಪದದ ಏರುಗಡೆಯಲ್ಲಿ ಸ್ವರವು ಷಡ್ಜವನ್ನು ಮುಟ್ಟಬೇಕಾದಲ್ಲಿ ಕಿಂಚಿತ್ತು ಕೆಳಗೇ ನಿಂತು, ನಿಂತಲ್ಲಿಯೇ ಉಳಿದು, ಒಂದಾವರ್ತ ಕಳೆದ ಮೇಲೆ ಮೆಲ್ಲನೆ ಮೇಲೇರಿತು. ಸಂಗೀತದ ತರಗತಿಗೆ ಹೋಗುವ ನನ್ನ ಮೊಮ್ಮಗಳು ಮುಖವೆತ್ತಿ, “ಅಜ್ಜ, ಇಲ್ಲಿ ಶ್ರುತಿ ಬಿಟ್ಟಿತಲ್ಲ?” ಎಂದಳು.

“ಅದು ಮದ್ದಳೆಯವನು ಕರಣೆ ಸರಿ ಹಾಕಿರಲಿಲ್ಲ” ಎಂದರು ಭಾಗವತರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಕಡೆಗೆ ಸ್ವಲ್ಪ ಬಾಗಿ, ಮಗುವಿಗೆ ಕೇಳಿಸದಂತೆ, “ಮಾಷ್ಟ್ರೇ, ಆ ಹಳೆಯ ಕೆಪಾಸಿಟರನ್ನು ಬಿಸಾಡಿಯಾಯ್ತಾ, ಉಂಟಾ?” ಎಂದು ಕೇಳಿದರು.